ಪ್ರಾರ್ಥನೆಯಲ್ಲಿ ಇಟ್ಟ ಬಾವಿ

2023ರ ಮೇ ತಿಂಗಳಲ್ಲಿ ನಾನು ಗ್ರಾಮೀಣ ಕುಡಿಯುವ ನೀರು ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಹುದ್ದೆಯಿಂದ ನಿವೃತ್ತಳಾದೆ. ಸೇವೆಯ ಹೆಚ್ಚಿನ ವರ್ಷಗಳು ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳಲ್ಲೇ ಕಳೆದವು. ಬಾವಿ, ಬೋರ್‌ವೆಲ್, ಪೈಪ್‌ಲೈನ್, ಓವರ್‌ಹೆಡ್ ಟ್ಯಾಂಕ್, ಇವುಗಳ ಹಿಂದೆ ಮುಂದೆ ಓಡಾಡಿ ಕೂದಲು ನರೆಯಿತು. ಜಗಳಾಡಿದ ಪ್ರಕರಣಗಳಿಗೆ ಲೆಕ್ಕವಿಲ್ಲ. ಆದರೆ ಮರೆಯಲಾಗದ ಪ್ರಕರಣ ಯಾವುದೆಂದು ಯಾರಾದರೂ ಕೇಳಿದರೆ, ನಿವೃತ್ತಿಯಾದ ವರ್ಷದ ಡಿಸೆಂಬರಿನಲ್ಲಿ ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿ ನಡೆದದ್ದನ್ನೇ ಹೇಳಬೇಕಾಗುತ್ತದೆ. ಬರೆಯಲು ಕುಳಿತರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುವ ನಮ್ಮ ಕ್ರೈಸ್ತ ಮಕ್ಕಳದ್ದೊಂದು ವಿದ್ಯಾರ್ಥಿ ಸಂಘವಿದೆ. ಪ್ರತಿ ವರ್ಷ ರಜೆಯಲ್ಲಿ ಅವರು ಎಲ್ಲಿಗಾದರೂ ಸಣ್ಣದೊಂದು ಮಿಷನ್ ಟ್ರಿಪ್ ಹೋಗುತ್ತಾರೆ. ಅಲ್ಲಿನ ಸಭೆಯವರ ಜೊತೆ ಆರಾಧನೆ, ಮಕ್ಕಳಿಗೆ ಹಾಡು, ಗೊಂಬೆಯಾಟ, ಕಿರುನಾಟಕ, ಜೊತೆಗೆ ಏನಾದರೂ ಒಂದು ಸೇವಾಕಾರ್ಯ. ಆ ವರ್ಷ ಅಂಡಮಾನಿಗೆ ಹೋಗುವುದೆಂದು ಗೊತ್ತಾಯಿತು. ರಾಂಚಿ ಕಡೆಯಿಂದ ಅಜ್ಜಂದಿರ ಕಾಲದಲ್ಲಿ ಕಾಡು ಕಡಿಯುವ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದ ಕ್ರೈಸ್ತರ ಒಂದು ಹಳ್ಳಿ. ಅಲ್ಲಿನ ಸಭೆಯ ಹಿರಿಯ ಸಿಲಾಸ್ ಫೋನಿನಲ್ಲಿ ಮಾತಾಡುವಾಗ, ಬೇಸಗೆಯಲ್ಲಿ ಚರ್ಚಿನ ಬಾವಿಯ ನೀರು ಮೊಣಕಾಲುದ್ದಕ್ಕೆ ಇಳಿಯುತ್ತದೆ ಎಂದರಂತೆ. ಸಾಕು, ನಮ್ಮವರಿಗೆ ಸೇವಾಕಾರ್ಯ ಸಿಕ್ಕಿತು. ನೀರಿನ ಇಲಾಖೆಯಲ್ಲಿದ್ದವಳೆಂದು ನನ್ನನ್ನೂ ಸಲಹೆಗೆ ಕರೆದರು.

ಮೆಲ್ಕಾರಿನಲ್ಲಿ ಅಂಗಡಿಯೊಂದರ ಮೇಲಿನ ಸಭಾಂಗಣದಲ್ಲಿ ಮೊದಲ ಮೀಟಿಂಗ್. ತಂಡದ ಹೊಣೆ ಹೊತ್ತವರು ಎಡ್ವಿನ್, ಮೂಡುಬಿದಿರೆಯಲ್ಲಿ ಕಾಮರ್ಸ್ ಉಪನ್ಯಾಸಕರು. ವಿದ್ಯಾರ್ಥಿಗಳ ಲೀಡರ್ ಪ್ರೀತಂ, ಪುಂಜಾಲಕಟ್ಟೆಯ ಹುಡುಗ, ಮೆಕ್ಯಾನಿಕಲ್ ಕೊನೆಯ ವರ್ಷ. ಚುರುಕು, ದೇಹದಲ್ಲಿ ಕಸುವು, ಎರಡೂ ಬೇಕಾದಷ್ಟಿದ್ದವು.

"ಎಂತ ದೊಡ್ಡ ಕೆಲಸ ಮೇಡಂ? ಇನ್ನೆರಡು ಕೋಲು ಇಳಿಸಿದ್ರೆ ಆಯ್ತಲ್ಲ," ಎಂದ ಪ್ರೀತಂ.

ಅವನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆ ಹುಟ್ಟಿದ ಯಾರೇ ಆದರೂ ಇದನ್ನೇ ಹೇಳುತ್ತಾರೆ. ಕೋಲು ಎಂದರೆ ಬಾವಿ ಅಳೆಯುವ ನಮ್ಮ ಅಳತೆ, ಸುಮಾರು ಎರಡೂವರೆ ಅಡಿ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಏಪ್ರಿಲ್‌ನಲ್ಲಿ ನೀರು ಇಳಿದರೆ ಕೆಸರು ತೆಗೆದು ಒಂದು ಕೋಲು ಇಳಿಸುತ್ತೇವೆ, ಮತ್ತೆ ಇಳಿದರೆ ಮತ್ತೊಂದು. ಆಳಕ್ಕೆ ಹೋದಷ್ಟೂ ನೀರು ಎಂಬುದು ನಮಗೆ ಅಮ್ಮನ ಹಾಲಿನೊಂದಿಗೆ ಬಂದ ನಂಬಿಕೆ. ಹವಳದ ಸಣ್ಣ ದ್ವೀಪದಲ್ಲಿ ಕಥೆಯೇ ಬೇರೆ. ಅಲ್ಲಿ ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಸಮುದ್ರದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. ಇಂಜಿನಿಯರುಗಳು ಇದನ್ನು ಫ್ರೆಶ್‌ವಾಟರ್ ಲೆನ್ಸ್ ಎನ್ನುತ್ತಾರೆ. ಬಾವಿ ಆ ತೆಳು ಪದರದಲ್ಲೇ ನಿಲ್ಲಬೇಕು. ಆಳ ಮಾಡಿದರೆ, ಅಥವಾ ಪಂಪ್ ಇಟ್ಟು ರಭಸದಿಂದ ಎಳೆದರೆ, ಅಡಿಯ ಉಪ್ಪುನೀರು ಮೇಲಕ್ಕೆ ಬರುತ್ತದೆ.

ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. "ಅದು ನಿನ್ನ ಪುಂಜಾಲಕಟ್ಟೆ ಅಲ್ಲ ಮಾರಾಯ, ಅಲ್ಲಿ ಅಡಿಯಲ್ಲಿ ಇರುವುದು ಸಮುದ್ರ," ಎಂದೆ. ಮಕ್ಕಳು ನಕ್ಕರು. ಎಡ್ವಿನ್ ಗಂಭೀರವಾಗಿ ತಲೆಯಾಡಿಸಿದರು.

"ಮೇಡಂ ಹೇಳುವುದರಲ್ಲಿ ವಿಷಯ ಉಂಟು. ಇದನ್ನು ಪ್ರಾರ್ಥನೆಯಲ್ಲಿ ಇಡುವ."

ಎಲ್ಲರೂ ತಲೆಬಾಗಿಸಿದರು. ಪ್ರಾರ್ಥನೆ ಮುಗಿಯಿತು, ಚಹಾ ಬಂತು, ಬಾವಿಯ ಮಾತನ್ನು ಪುನಃ ಯಾರೂ ಎತ್ತಲಿಲ್ಲ. ನಾನೂ ದೇವರನ್ನು ನಂಬುವವಳೇ. ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಆದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರಕಾರಿ ಕಚೇರಿಯಲ್ಲಿ ಕುಳಿತವಳಿಗೆ ಒಂದು ವಾಸನೆ ಬೇಗ ತಿಳಿಯುತ್ತದೆ. ಅಲ್ಲಿ ಬೇಡದ ಕಡತವನ್ನು "ಪರಿಶೀಲನೆಯಲ್ಲಿದೆ" ಎಂದು ಬದಿಗಿಡುತ್ತಿದ್ದರು. ಇಲ್ಲಿ ಪ್ರಾರ್ಥನೆಯಲ್ಲಿ ಇಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಮುಂದಿನ ಎರಡು ಮೀಟಿಂಗುಗಳಲ್ಲೂ ಹೀಗೇ ಆಯಿತು. ನಾನು ಬಾಯಿ ತೆರೆದರೆ ಅವರು ಕಣ್ಣು ಮುಚ್ಚುತ್ತಿದ್ದರು.

ಹೊರಡುವ ವಾರ ಎಡ್ವಿನ್ ಮನೆಯ ಜಗಲಿಯಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ಕಪ್ಪು ಕಲ್ಲು ಕಂಡೆ. ನುಣ್ಣಗೆ ಪಾಲಿಶ್ ಮಾಡಿದ ಫಲಕ. "ದೇವರ ಮಹಿಮೆಗಾಗಿ ಈ ಬಾವಿಯನ್ನು ಆಳಗೊಳಿಸಲಾಯಿತು" ಎಂದು ಕನ್ನಡದಲ್ಲಿ ಕೆತ್ತಿ, ಕೆಳಗೆ ಗಲ್ಫಿನಲ್ಲಿರುವ ದಾನಿಯೊಬ್ಬರ ಕುಟುಂಬದ ಹೆಸರು ಹಾಕಿಸಿದ್ದರು. ಬಾವಿಯನ್ನು ಒಬ್ಬರೂ ಕಂಡಿಲ್ಲ. ಆ ಹಳ್ಳಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ!

"ಇದೆಂತ ಎಡ್ವಿನ್?" ಎಂದೆ.

"ದಾನಿಗಳಿಗೆ ಫೋಟೋ ಕಳಿಸ್ಲಿಕ್ಕುಂಟು ಮೇಡಂ. ಬಾವಿ ಎಂತ ಮಾಡ್ಲಿಕ್ಕುಂಟು ಅಂತ ಅಲ್ಲಿ ಹೋಗಿ ನೋಡುವ."

ಟಿಕೆಟ್ ರದ್ದು ಮಾಡಿ ಮನೆಯಲ್ಲಿ ಕುಳಿತುಬಿಡೋಣವೆನ್ನಿಸಿತು. ಆದರೆ ನಾನೂ ಹೋಗದಿದ್ದರೆ ಆ ಬಾವಿಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಹಾಗಾಗಿ ಹೊರಟೆ.

ಚೆನ್ನೈಗೆ ರೈಲು, ಪೋರ್ಟ್ ಬ್ಲೇರ್‌ಗೆ ವಿಮಾನ, ಮತ್ತೆ ಬಸ್ಸು, ಕೊನೆಗೆ ಫೆರ್ರಿ. ಇಳಿದಾಗ ಸಿಲಾಸ್ ಮತ್ತು ಅವರ ಹೆಂಡತಿ ಫೂಲ್‌ಮನಿ ಕಡವಿನಲ್ಲಿ ಕಾದಿದ್ದರು. ಅಲ್ಲಿ ಮಾತೆಲ್ಲ ಹಿಂದಿಯಲ್ಲಿ. ನಮ್ಮ ಮಕ್ಕಳ ಹಿಂದಿ ಬಸ್ ನಿಲ್ದಾಣದ ಹಿಂದಿ, ಆದರೂ ಪ್ರೀತಿಗೆ ಅಷ್ಟು ಸಾಕಾಯಿತು. ಬೆಳ್ತಂಗಡಿಯಿಂದ ತಂದ ಬೆಲ್ಲದ ಅಚ್ಚುಗಳನ್ನು ಹುಡುಗಿಯರು ಫೂಲ್‌ಮನಿಯ ಕೈಗಿತ್ತು, ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುತ್ತೇವೆ ಎಂದು ಹೇಳಿಕೊಟ್ಟರು. ಆಕೆಗೆ ಅದು ಎಷ್ಟು ಹಿಡಿಸಿತೆಂದರೆ ಆಗಲೇ ಬಾವಿಯಿಂದ ನೀರು ಸೇದಿ ಎಲ್ಲರಿಗೂ ಬೆಲ್ಲದ ಚೂರಿನೊಂದಿಗೆ ಕೊಟ್ಟರು. ತಣ್ಣಗಿನ, ರುಚಿಯಾದ ನೀರು.

ನಾನು ಟಿಡಿಎಸ್ ಮೀಟರ್ ಅದ್ದಿ ನೋಡಿದೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಪೆನ್ನಿನಷ್ಟು ದೊಡ್ಡ ಉಪಕರಣ ಅದು. ಐನೂರರ ಒಳಗಿದ್ದರೆ ಉತ್ತಮ, ಎರಡು ಸಾವಿರ ದಾಟಿದರೆ ಕುಡಿಯಲು ಯೋಗ್ಯವಲ್ಲ. ಅಲ್ಲಿ ತೋರಿಸಿದ್ದು ನಾನೂರ ಹತ್ತು. ಬಾವಿ ಹದಿನಾಲ್ಕು ಅಡಿ, ತಳದಲ್ಲಿ ಗಟ್ಟಿ ಹವಳದ ಕಲ್ಲಿನ ಪದರ. ಆ ಪದರವೇ ಅದರ ಕಾವಲು. ಹಳ್ಳಿಗಿದ್ದ ಸಿಹಿನೀರಿನ ಬಾವಿ ಅದೊಂದೇ. ಅದು ಕೆಟ್ಟರೆ ಗುಡ್ಡದಾಚೆಯ ಒರತೆಗೆ ಹೋಗಿ ಹೆಂಗಸರು ಕೊಡ ಹೊರಬೇಕು.

ಮರುದಿನ ಆರಾಧನೆಯ ನಂತರ ಎಲ್ಲರನ್ನೂ ಕೂರಿಸಿ ಹೇಳಿದೆ. ಬಾವಿಯ ತಳ ಮುಟ್ಟುವುದು ಬೇಡ. ಚರ್ಚಿಗೆ ಅಷ್ಟು ದೊಡ್ಡ ತಗಡಿನ ಮಾಡು ಇದೆ. ಅಂಚಿಗೆ ದಂಬೆ, ಅಂದರೆ ಉದ್ದನೆಯ ತಗಡಿನ ಕಾಲುವೆ, ಕಟ್ಟಿ ಮಳೆನೀರು ಹಿಡಿದು ಟ್ಯಾಂಕಿಗೆ ಬಿಡೋಣ, ಬೇಸಗೆಗೆ ಅದು ಆಸರೆಯಾಗುತ್ತದೆ. ಸಿಲಾಸ್ ಒಪ್ಪಿದರು. ಎಡ್ವಿನ್ ಕೂಡ, "ಆಯ್ತು ಮೇಡಂ, ಹಾಗೇ ಮಾಡುವ," ಎಂದರು. ಪ್ರೀತಂ ಮಾತ್ರ ಎದ್ದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದ. ಅದು ನನಗೆ ಹಿಡಿಸಲಿಲ್ಲ. ಆದರೂ ಹಿರಿಯರ ಮಾತಿದೆಯಲ್ಲ ಎಂದುಕೊಂಡು, ಪೈಪು ಮತ್ತು ತಗಡು ತರಲು ಬೆಳಗಿನ ಫೆರ್ರಿಯಲ್ಲಿ ಆಚೆಯ ದೊಡ್ಡ ದ್ವೀಪಕ್ಕೆ ಹೋದೆ.

ಸಂಜೆ ವಾಪಸು ಬಂದು ಕಡವಿನಲ್ಲಿ ಇಳಿಯುವಾಗಲೇ ಡೀಸೆಲ್ ಪಂಪಿನ ಸದ್ದು ಕೇಳಿಸಿತು. ತಗಡನ್ನು ಅಲ್ಲೇ ಬಿಟ್ಟು ಓಡಿದೆ. ಬಾವಿಯ ಸುತ್ತ ಊರೇ ನೆರೆದಿತ್ತು, ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಮೈಯೆಲ್ಲ ಕೆಸರಾಗಿದ್ದ ಪ್ರೀತಂ ಏಣಿ ಹತ್ತಿ ಮೇಲೆ ಬಂದ. ಕೈಯಲ್ಲಿ ಹಾರೆ.

"ಮೇಡಂ, ಒಂದೇ ಕೋಲು! ಕಲ್ಲು ಒಡೆದದ್ದೇ ಒಡೆದದ್ದು, ನೀರು ಹಾರಿ ಬಂತು! ಪಂಪಿಗೂ ಬಗ್ಗುವುದಿಲ್ಲ, ನೋಡಿ ಎಷ್ಟು ನೀರು!"

ನಾನು ಮೊದಲು ಪಂಪ್ ನಿಲ್ಲಿಸಿದೆ. ಕೊಡದಲ್ಲಿ ನೀರೆತ್ತಿಸಿ ಮೀಟರ್ ಅದ್ದಿದೆ. ಎರಡು ಸಾವಿರದ ಒಂಬೈನೂರು. ಒಂದು ಬೊಗಸೆ ತೆಗೆದು ಪ್ರೀತಂನ ಮುಂದೆ ಹಿಡಿದೆ. ಅವನು ಬಾಯಿಗೆ ಹಾಕಿಕೊಂಡ, ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಸಿಟ್ಟು ಬಂದರೆ ನನ್ನ ಬಾಯಿಗೆ ಕನ್ನಡ ಬರುವುದಿಲ್ಲ, ತುಳುವೇ ಬರುತ್ತದೆ. "ಈ ದಾದ ಮಲ್ತ ಮಾರಾಯಾ?" ನೀನು ಏನು ಮಾಡಿದೆಯೋ ಎಂದು ಅರಚಿದೆ. ಹಾಡು ನಿಂತಿತು. ಎಡ್ವಿನ್, ದಾನಿಗಳಿಗೆ ವಿಡಿಯೋ ಬೇಕಿತ್ತು, ಮಕ್ಕಳಿಗೂ ಹುಮ್ಮಸ್ಸಿತ್ತು, ಸ್ವಲ್ಪವೇ ಅಗೆಯುವುದು ಎಂದುಕೊಂಡಿದ್ದೆವು ಎಂದು ತಡವರಿಸಿದರು. ಅವರನ್ನು ಬಿಟ್ಟು ಸಿಲಾಸ್ ಕಡೆ ತಿರುಗಿದೆ. ಬೇಡವೆಂದು ನಾನು ಹೇಳಿದ್ದನ್ನು ಅವರೂ ಕೇಳಿದ್ದರು. ಬಾವಿ ಅವರದು.

"ನೀವಾದರೂ ತಡೆಯಬೇಕಿತ್ತಲ್ಲ ಸಿಲಾಸ್?"

ಆ ಮನುಷ್ಯ ಬಾವಿಕಟ್ಟೆಯ ಮೇಲೆ ಬಿದ್ದಿದ್ದ ಹಗ್ಗವನ್ನು ಸುತ್ತಿಟ್ಟರು.

"ಅವರು ಮೊದಲು ಪ್ರಾರ್ಥನೆ ಮಾಡಿದರು, ದೀದಿ. ಪ್ರಾರ್ಥನೆ ಮಾಡಿ ಇಳಿದವರನ್ನು ಬೇಡ ಎನ್ನುವುದು ಹೇಗೆ?"

ಮೆಲ್ಕಾರಿನಲ್ಲಿ ನನ್ನ ಬಾಯಿ ಮುಚ್ಚಿಸಿದ್ದೇ ಇಲ್ಲಿ ಇವರ ಬಾಯನ್ನೂ ಮುಚ್ಚಿಸಿತ್ತು.

ಉಳಿದ ದಿನಗಳಲ್ಲಿ ಗೊಂಬೆಯಾಟವೂ ಇಲ್ಲ, ನಾಟಕವೂ ಇಲ್ಲ. ಒಡೆದ ಜಾಗವನ್ನು ಜೇಡಿಮಣ್ಣು ಮತ್ತು ಕಲ್ಲಿನಿಂದ ಗಿಡಿದು ತುಂಬಿಸಿದೆವು. ಮಣ್ಣನ್ನು ಗುಡ್ಡದಿಂದ ಹೊತ್ತವರು ನಮ್ಮ ಮಕ್ಕಳು. ಪ್ರೀತಂ ಊಟಕ್ಕೂ ಮೇಲೆ ಬರುತ್ತಿರಲಿಲ್ಲ. ಚರ್ಚಿಗೆ ದಂಬೆ ಕಟ್ಟಿದೆವು, ಟ್ಯಾಂಕಿಗೆ ತಳ ಹಾಕುವಷ್ಟರಲ್ಲಿ ರಜೆ ಮುಗಿಯಿತು. ಒಮ್ಮೆ ಮೇಲೆ ಬಂದ ಉಪ್ಪು ಹಾಗೆ ಸುಲಭಕ್ಕೆ ಇಳಿಯುವುದಿಲ್ಲ, ಒಂದೆರಡು ಮಳೆಗಾಲವಾದರೂ ಬೇಕು. ಫೂಲ್‌ಮನಿ ಮತ್ತು ಇತರ ಹೆಂಗಸರು ಗುಡ್ಡ ಹತ್ತತೊಡಗಿದ್ದರು. ನಮ್ಮ ಸ್ನಾನದ ನೀರನ್ನೂ ಅವರೇ ಹೊತ್ತು ತರುತ್ತಿದ್ದರು. ಒಬ್ಬರಾದರೂ ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಎಡ್ವಿನ್ ಊರಿನಿಂದ ಹೊತ್ತು ತಂದಿದ್ದ ಕಪ್ಪು ಕಲ್ಲನ್ನು ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ಹೊರಡುವ ಬೆಳಿಗ್ಗೆ ನೋಡಿದರೆ ಬಾವಿಕಟ್ಟೆಯ ಪಕ್ಕ ಅದನ್ನು ಮಗುಚಿ ಹಾಕಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ನೀರು ಈಗ ಅಷ್ಟಕ್ಕೇ ಉಪಯೋಗ. ಫೂಲ್‌ಮನಿ ಮಾತ್ರ ನಾವು ಹೇಳಿಕೊಟ್ಟದ್ದನ್ನು ಮರೆತಿರಲಿಲ್ಲ. ಕಡವಿನವರೆಗೆ ಬಂದು ಒಬ್ಬೊಬ್ಬರಿಗೂ ಬೆಲ್ಲದ ಚೂರು ಮತ್ತು ಲೋಟ ನೀರು ಕೊಟ್ಟರು. ಅದು ಗುಡ್ಡದಾಚೆಯಿಂದ ತಂದ ನೀರು. ಪ್ರೀತಂ ಲೋಟ ಹಿಡಿದುಕೊಂಡು ಹಾಗೇ ನಿಂತ. ಕೊನೆಗೆ ಕುಡಿದ, ಆಕೆಯ ಕಾಲು ಮುಟ್ಟಿದ, ದೋಣಿ ಹತ್ತಿದ.

ಜನವರಿಯಲ್ಲಿ ಮೂಡುಬಿದಿರೆಯಲ್ಲಿ ವರದಿ ಸಭೆ. ಹೆತ್ತವರು, ಸಭೆಯ ಹಿರಿಯರು, ಊರಿಗೆ ಬಂದಿದ್ದ ದಾನಿಗಳು ಎಲ್ಲ ಸೇರಿದ್ದರು. ಪರದೆಯ ಮೇಲೆ ಹಾಡುವ ಮಕ್ಕಳು, ತೆಂಗಿನ ಮರಗಳು, ಕೊನೆಗೆ ಬಾವಿಯಲ್ಲಿ ನೀರುಕ್ಕುವ ವಿಡಿಯೋ. ಸಭಾಂಗಣ ಚಪ್ಪಾಳೆ ಹೊಡೆಯಿತು. ಎಡ್ವಿನ್ ಉಪ್ಪಿನ ಮಾತೇ ಎತ್ತಲಿಲ್ಲ. ನಾನು ಏಳಬೇಕೆಂದು ಕುರ್ಚಿ ಸರಿಸುವಷ್ಟರಲ್ಲಿ ಪ್ರೀತಂ ಎದ್ದಿದ್ದ.

"ಆ ನೀರು ಉಪ್ಪು," ಎಂದ. "ಕಲ್ಲು ಒಡೆದದ್ದು ನಾನು. ಮೇಡಂ ಬೇಡ ಅಂತ ಹೇಳಿದ್ರು. ಈಗ ಅವರಿಗೆ ಕುಡಿಯುವ ನೀರಿಲ್ಲ. ಟ್ಯಾಂಕ್ ಅರ್ಧದಲ್ಲಿ ಉಂಟು. ಅದನ್ನು ಯಾವಾಗ ಮುಗಿಸುವುದು?"

ಎಡ್ವಿನ್ ಮೈಕನ್ನು ಹತ್ತಿರ ಎಳೆದುಕೊಂಡರು.

"ಒಳ್ಳೆಯ ಪ್ರಶ್ನೆ. ನಾವೆಲ್ಲ ಇದನ್ನು ಪ್ರಾರ್ಥನೆಯಲ್ಲಿ ಇಡುವ."

ತಲೆಗಳು ಬಾಗಿದವು. ಆದರೆ ಪ್ರೀತಂ ಕುಳಿತುಕೊಳ್ಳಲಿಲ್ಲ.

"ಇಡುವ ಸರ್," ಎಂದ. "ಆಮೆನ್ ಆದ ಮೇಲೆ ನಾನು ಪುನಃ ಕೇಳ್ತೇನೆ."

ಕೇಳಿದ. ಆ ದಿನ ಉತ್ತರ ಸಿಗಲಿಲ್ಲ, ಮುಂದಿನ ಭಾನುವಾರ ಕೇಳಿದ, ಅದರ ಮುಂದಿನದಕ್ಕೂ ಕೇಳಿದ. ಕೆಲವರು ಅವನನ್ನು ಅಧಿಕಪ್ರಸಂಗಿ ಎಂದರು. ಮಳೆಗಾಲಕ್ಕೆ ಮೊದಲು ಅವನೂ ಇನ್ನಿಬ್ಬರೂ ಹೋಗಿ ಟ್ಯಾಂಕ್ ಮುಗಿಸಿ ಬಂದರು. ಹಾಡಿಲ್ಲ, ಗೊಂಬೆಯಿಲ್ಲ, ಫಲಕವಿಲ್ಲ.

ನೀರಿನ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಬಾವಿಗಳು ಹಾಳಾಗುವುದು ಗೊತ್ತಿಲ್ಲದವರಿಂದ ಅಲ್ಲ, ಗೊತ್ತಿರುವವರನ್ನು ಮರ್ಯಾದೆಯಿಂದ ಸುಮ್ಮನಿರಿಸುವವರಿಂದ. ಮೀಟರನ್ನು ಸಿಲಾಸ್ ಬಳಿ ಬಿಟ್ಟು ಬಂದಿದ್ದೇನೆ. ಈಗಲೂ ಆಗಾಗ ಫೋನ್ ಮಾಡಿ ಬಾವಿಯ ನೀರು ಹೇಗಿದೆ ಎಂದು ಕೇಳುತ್ತೇನೆ. "ಪ್ರಭುವಿನ ದಯೆ, ದೀದಿ," ಎನ್ನುತ್ತಾರೆ. ದಯೆ ಇದ್ದದ್ದೇ, ಮೀಟರ್ ಎಷ್ಟು ತೋರಿಸುತ್ತದೆ ಹೇಳಿ ಎನ್ನುತ್ತೇನೆ. ಕಳೆದ ಸಲ ಅವರು ಸಂಕೋಚದಿಂದಲೇ ಹೇಳಿದರು.

"ಇಳಿಯುತ್ತಾ ಇದೆ, ದೀದಿ. ಆದರೆ ನೀವು ಬಂದರೆ ಬೆಲ್ಲದ ಜೊತೆ ಕೊಡಲು ಇನ್ನೂ ಆಗುವುದಿಲ್ಲ."