ಭಾಗ್ಯ ಸುತ್ತುವ ಮೋಟರು

ಪಾವಗಡದ ಕಾಲೇಜೊಂದರಲ್ಲಿ ಸ್ವಂತ ಉದ್ಯೋಗದ ಬಗ್ಗೆ ಭಾಷಣ ಮಾಡಿ, ವಿದ್ಯಾರ್ಥಿಗಳ ಅಭಿಪ್ರಾಯವನ್ನು ಫಾರಂನಲ್ಲಿ ಬರೆಸಿಕೊಳ್ಳುವುದು ನನ್ನ ಕೆಲಸವಾಗಿತ್ತು. ಹೆಚ್ಚಿನವರು ಸರ್ಕಾರಿ ನೌಕರಿಗೇ ಟಿಕ್ ಹಾಕಿದ್ದರು. ಬಿ.ಕಾಂ. ಓದುವ ಭಾಗ್ಯ ಮಾತ್ರ ಖಾಲಿ ಹಾಳೆ ಕೊಟ್ಟಳು.

"ಯಾಕಮ್ಮ, ಏನೂ ಬರೆದಿಲ್ಲ?"

"ಮುಂದೆ ಸ್ವಂತ ಉದ್ಯೋಗ ಮಾಡ್ತೀರಾ ಅಂತ ಕೇಳಿದೀರಿ ಸಾರ್. ನಾನು ಆಗ್ಲೇ ಮಾಡ್ತಾ ಇದೀನಿ. ಇದ್ರಲ್ಲಿ ಹೆಂಗೆ ಬರೀಲಿ?"

ಕುತೂಹಲಕ್ಕೆ ಸಂಜೆ ಅವಳ ಅಂಗಡಿ ಹುಡುಕಿಕೊಂಡು ಹೋದೆ. ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದಳು. ಬಾಯಿ ತೆರೆಯುವಷ್ಟರಲ್ಲಿ, ಬಲಸಮುದ್ರದಿಂದ ಮೋಟರು ತಂದಿದ್ದ ಅಜ್ಜ ನನ್ನ ತೋಳು ಹಿಡಿದರು.

"ಸುಮ್ಕಿರಪ್ಪ, ಸುತ್ತು ಎಣಿಸ್ತಾವ್ಳೆ. ಲೆಕ್ಕ ತಪ್ಪಿದ್ರೆ ನನ್ ಮೆಣಸಿನ ಗಿಡ ಒಣಗೋಗ್ತವೆ."

ಅರ್ಧ ಗಂಟೆ ಉಸಿರು ಬಿಗಿಹಿಡಿದು ನಿಂತೆ. ಮೋಟರಿನೊಳಗಿನ ಇಕ್ಕಟ್ಟಾದ ಸಂದುಗಳಿಗೂ ಅವಳ ಬೆರಳು ತಡವರಿಸದೆ ತಂತಿ ಕೂರಿಸುತ್ತಿತ್ತು. ಕೊನೆಗೆ ಸ್ವಿಚ್ ಒತ್ತಿ, ಕಣ್ಣು ಮುಚ್ಚಿ ಸದ್ದು ಕೇಳಿದಳು. ಮೋಟರು ನಯವಾಗಿ ತಿರುಗಿತು. ಅಜ್ಜ ಎದ್ದುನಿಂತು ಅವಳಿಗೆ ಕೈ ಮುಗಿದರು. ನನಗೂ ಹಾಗೇ ಮಾಡಬೇಕೆನಿಸಿತು.

"ಸರ್ಕಾರಿ ಕೆಲಸ ಬೇಡ್ವೇನಮ್ಮ?" ಎಂದು ಕೇಳಿದೆ.

"ಅಪ್ಪಂಗೆ ಕಣ್ಣು ಮಂಜಾದಾಗ ಅಂಗಡಿ ಮುಚ್ಚಬಾರ್ದು ಅಂತ ಕೂತೆ ಸಾರ್. ಸತ್ತ ಮೋಟ್ರು ನನ್ ಕೈಯಾಗೆ ತಿರುಗಿದ್ ದಿನ ಇದೇ ಹಿಡಿಸ್ಬುಡ್ತು. ನೀವು ಭಾಷಣ ಮಾಡೋದು ಸ್ವಂತ ಉದ್ಯೋಗಾನಾ?"

"ಇಲ್ಲಮ್ಮ, ಸಂಬಳಕ್ಕೆ" ಎಂದೆ.

ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಅಜ್ಜ ಮಾತ್ರ ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ಬಂದರು.