ಬಕ್ಕಪ್ಪನ ಗಿಟಾರಿಗೆ ಬೇರೆ ಕುತ್ತಿಗೆ

ಯೆಣೆಗೂರಿನ ಬಕ್ಕಪ್ಪ ಒಂದು ಕಡೆ ಸುಮ್ಮನೆ ಕೂತದ್ದನ್ನು ಯಾರೂ ನೋಡಿಲ್ಲ. ಅವನಪ್ಪ ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುತ್ತಿದ್ದ. ಮಗ ಡೊಳ್ಳೂ ಬಿಟ್ಟ, ಕುರಿಯೂ ಬಿಟ್ಟ. ಉಮರ್ಗಾದ ಆರ್ಕೆಸ್ಟ್ರಾ ಒಂದನ್ನು ಸೇರಿ ಲಗ್ನಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸತೊಡಗಿದ. ಕೊರಳಿಗೆ ಕೆಂಪು ಗಿಟಾರ್ ಹಾಕಿಕೊಂಡು ಟೆಂಪೋ ಮೇಲೆ ನಿಂತಿದ್ದವನನ್ನು ಕಂಡೇ ಗುಂಡಮ್ಮ ಮದುವೆಗೆ ಒಪ್ಪಿದ್ದಳು.

ಎರಡು ಸಾವಿರದ ಹದಿನೈದರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಗೆ ಊರ ಬಾವಿಗಳ ತಳ ಕಂಡಿತು. ಲಗ್ನಗಳು ಬ್ಯಾಂಡು ಬಾಜಾ ಇಲ್ಲದೆ ಮುಗಿಯತೊಡಗಿದವು. ಬಕ್ಕಪ್ಪನಿಗೆ ಸಿಕ್ಕಿದ್ದು ವಲಾಂಡಿಯ ಕಿರಾಣಿ ವ್ಯಾಪಾರಿ ಶಾಂತವೀರಪ್ಪನ ಮಗಳ ಲಗ್ನ ಒಂದೇ. ಅದಕ್ಕಾಗಿ ಹೊಸ ತಂತಿ ಹಾಕಿ, ಗಿಟಾರನ್ನು ಬಾಗಿಲಿಗೆ ಒರಗಿಸಿಟ್ಟಿದ್ದ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಹಾರ್ನ್ ಕೇಳಿಸಿತು. ಗುಂಡಮ್ಮ ಎರಡು ಕೊಡ ಹಿಡಿದು ಒಳಗಿನಿಂದ ಓಡಿಬಂದಳು. ಕೊಡ ತಾಗಿ ಗಿಟಾರ್ ಹೊಸ್ತಿಲ ಮೇಲೆ ಬಿತ್ತು. ಅವಳು ತಿರುಗಿ ನೋಡುವ ಹಾಗಿರಲಿಲ್ಲ. ಪಾಳಿ ತಪ್ಪಿದರೆ ಅಂದು ನೀರಿಲ್ಲ.

ತುಂಬಿದ ಕೊಡ ಹೊತ್ತು ಬಂದಾಗ ಗಂಡ ಕುಕ್ಕರಗಾಲಲ್ಲಿ ಕೂತಿದ್ದ. ಗಿಟಾರಿನ ಕುತ್ತಿಗೆ ತಲೆಯ ಬುಡಕ್ಕೇ ಮುರಿದು, ತಲೆ ತಂತಿಗಳಲ್ಲಿ ಜೋತಾಡುತ್ತಿತ್ತು.

"ಮೊದಲ ನೀರ ಇಳಸು," ಎಂದು ಎದ್ದು ಕೊಡಕ್ಕೆ ಕೈ ಕೊಟ್ಟ.

ಮರುದಿನ ಉಮರ್ಗಾದಲ್ಲಿ ಆರ್ಕೆಸ್ಟ್ರಾದವರಿಗೆ, ಬಸ್ಸಿನ ಮೇಲಿಂದ ಬಿತ್ತು ಎಂದ. ನಿಲಂಗಾದ ವಾದ್ಯದಂಗಡಿಯಲ್ಲೂ ಅದನ್ನೇ ಹೇಳಿದ. ಅಂಗಡಿಯವನು ಹೈದರಾಬಾದಿಗೆ ಕಳಿಸಬೇಕು, ತಡವಾಗುತ್ತದೆ ಎಂದಾಗ, ಬಕ್ಕಪ್ಪ ಚಹಾ ಸಹ ಕುಡಿಯದೆ ಉದಗೀರಿನ ಬಸ್ಸು ಹತ್ತಿದ.

ಉದಗೀರಿನ ಬಡಗಿ ಮಾಣಿಕಪ್ಪ ಭಜನೆಯವರ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವನು. ಮುರಿದ ಕಡೆ ಅಂಟು ಹಚ್ಚಿ, ಬಿಗಿದು ಕಟ್ಟಿಟ್ಟ. ಬಕ್ಕಪ್ಪ ಅಂಗಡಿಯ ಒಳಗೂ ಹೊರಗೂ ತಿರುಗಾಡಿದ.

"ಕೂಡಪಾ. ನೀ ಹಿಂಗ ತಿರಗಿದ್ರ ಅಂಟು ಲಗೂನ ಒಣಗತದೇನು?"

ಮರುದಿನ ತಂತಿ ಬಿಗಿಯುತ್ತಾ ಹೋದರು. ಅರ್ಧ ತಂತಿ ಏರುವಷ್ಟರಲ್ಲಿ ಅಂಟು ಟಪ್ಪೆಂದು ಬಿಟ್ಟಿತು.

"ತಂತಿ ಭಾಳ ಜಗ್ತಾವ," ಎಂದ ಮಾಣಿಕಪ್ಪ. "ಈ ಗಾಯ ತಡಿಯಾಂಗಿಲ್ಲ. ಪೂರಾ ಕುತ್ತಿಗಿನೇ ಬದಲಿ ಮಾಡಬೇಕು. ಎಲ್ಲೆರ ಸಿಕ್ರ ತೊಗೊಂಡ ಬಾ."

ಎಲ್ಲಿ ಸಿಗಬೇಕು? ಗಿಟಾರನ್ನು ಮಾಣಿಕಪ್ಪನಲ್ಲೇ ಬಿಟ್ಟು ಊರಿಗೆ ಮರಳಿದ ಬಕ್ಕಪ್ಪನ ನಿದ್ದೆ ಹಾರಿತು. ಅವನ ಹೊರಳಾಟ ನೋಡಿ ಗುಂಡಮ್ಮನಿಗೂ ಊಟ ಸೇರಲಿಲ್ಲ. ಕೊನೆಗೆ, ಲಗ್ನಕ್ಕೆ ಬರಲಾಗುವುದಿಲ್ಲ ಎಂದು ಹೇಳಲು ಅವನು ವಲಾಂಡಿಗೆ ಹೊರಟಾಗ ಅವಳೂ ಜೊತೆಗೆ ಹೊರಟಳು.

"ಶರಣ್ರೀ ಸಾವಕಾರ್ರ," ಎಂದು ಶಾಂತವೀರಪ್ಪನ ಮುಂದೆ ಶುರು ಮಾಡಿದ ಬಕ್ಕಪ್ಪ. "ಗಿಟಾರ್ ಮುರದದ್ರೀ. ಬಸ್ಸಿನ ಮ್ಯಾಲಿಂದ..."

"ಸುಳ್ಳರೀ!" ಗುಂಡಮ್ಮ ನಡುವೆಯೇ ಅಂದಳು. "ನಾ ಮುರದೀನಿ. ಟ್ಯಾಂಕರ್ ಬಂದಿತ್ತು, ಓಡುವಾಗ ಕೊಡ ತಾಗಿತು. ಇವರು ಊರೂರಿಗೆ ಬಸ್ಸಿನ ಕತಿ ಹೇಳ್ಕೋತ ಹೊಂಟಾರ."

ಬಕ್ಕಪ್ಪ ತಬ್ಬಿಬ್ಬಾದ. "ನಿನಗ ಯಾರೂ ಏನೂ ಅನಬಾರ್ದಂತ..."

"ಒಮ್ಮಿ ಬೈದಿದ್ರ ಅತ್ತು ಸುಮ್ನಾಗ್ತಿದ್ದೆ. ನೀವು ಮುಚ್ಚಿಟ್ರ ನಾ ದೊಡ್ಡ ಗುನ್ಹೆ ಮಾಡಿದಂಗಾತು. ನೀರಿಗಿ ಓಡೀನಿ, ಕಳ್ಳತನ ಮಾಡಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮದುಮಗಳು ಸುಗಂಧಾ ಹತ್ತಿರ ಬಂದಳು. "ಟ್ಯಾಂಕರ್ ಬಂದ್ರ ನಾವೂ ಒಲಿ ಮ್ಯಾಲಿನ ಹಾಲ ಬಿಟ್ಟ ಓಡತೀವಿ ಅಕ್ಕಾ," ಎಂದು ಗುಂಡಮ್ಮನ ಕೈ ಹಿಡಿದಳು. ಆಮೇಲೆ ಅಟ್ಟ ಹತ್ತಿ, ಲಾತೂರಿನಲ್ಲಿ ಓದುವಾಗ ತಾನು ಕೊಂಡಿದ್ದ ಕಪ್ಪು ಗಿಟಾರನ್ನು ಇಳಿಸಿದಳು. ಅದರ ಒಳಗಿನ ವೈರುಗಳು ಸುಟ್ಟಿದ್ದವು. ಕುತ್ತಿಗೆ ಮಾತ್ರ ನೆಟ್ಟಗಿತ್ತು.

"ಇದನ್ನ ಹಚ್ಚಗೋರಿ. ನನ್ನ ಲಗ್ನದಾಗ ಬಾರಸ್ರಿ."

ಗಂಡ ಹೆಂಡತಿ ಅಲ್ಲಿಂದ ನೇರ ಉದಗೀರಿಗೆ ಹೋದರು. ಹೊಸ ಕುತ್ತಿಗೆಯ ಬುಡ ಕೆಂಪು ಗಿಟಾರಿನ ಕುಳಿಯಲ್ಲಿ ಕೂರಲಿಲ್ಲ. ಮಾಣಿಕಪ್ಪ ಕುಳಿಯ ಅಂಚನ್ನು ಸ್ವಲ್ಪ ಸ್ವಲ್ಪವೇ ಕೆರೆದು ಕೂರಿಸಿದ. ಸ್ಕ್ರೂಗಳ ಹಳೆಯ ತೂತುಗಳನ್ನು ಸಾಗುವಾನಿಯ ಬೆಣೆಗಳಿಂದ ಮುಚ್ಚಿ, ಈ ತುದಿಯಿಂದ ಆ ತುದಿಗೆ ದಾರ ಎಳೆದು ನೆಟ್ಟಗಿದೆಯೆಂದು ನೋಡಿಕೊಂಡು ಹೊಸ ತೂತು ಕೊರೆದ. ಗುಂಡಮ್ಮ ಗಿಟಾರನ್ನು ಅಲುಗದಂತೆ ಒತ್ತಿ ಹಿಡಿದಿದ್ದಳು. ಈ ಸಲ ತಂತಿಗಳೆಲ್ಲ ಏರಿದವು.

ಲಗ್ನದ ದಿನ ಬಕ್ಕಪ್ಪ ಬೆವರಿ ನೀರಾದ. ಹೊಸ ಕುತ್ತಿಗೆ ದಪ್ಪ. ಬೆರಳು ತಲುಪದೆ ಮೊದಲ ಹಾಡಿನಲ್ಲೇ ಸ್ವರ ತಪ್ಪಿತು. ಡ್ರಮ್ಮಿನವನು ತಿರುಗಿ ನೋಡಿದ. ಎರಡನೆಯ ಹಾಡಿಗೆ ಬಕ್ಕಪ್ಪ ಕಣ್ಣು ಮುಚ್ಚಿ, ನಿಧಾನವಾಗಿ ಸ್ವರ ಹಿಡಿದ. ಮಂದಿ ಕುಣಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಗುಂಡಮ್ಮ ಪಕ್ಕದವಳಿಗೆ ಏನೋ ಹೇಳಿ ನಕ್ಕಳು.

ಆ ವರ್ಷ ಮಳೆಯಾಯಿತು, ಚಳಿಗಾಲಕ್ಕೆ ಲಗ್ನಗಳೂ ಬಂದವು. ಬಕ್ಕಪ್ಪ ಈಗಲೂ ಆ ದಪ್ಪ ಕುತ್ತಿಗೆಯಲ್ಲೇ ನುಡಿಸುತ್ತಾನೆ. ಮೇಲಿನ ಸ್ವರಗಳಲ್ಲಿ ಒಮ್ಮೊಮ್ಮೆ ತಪ್ಪುತ್ತಾನೆ. ತಪ್ಪಿದ ದಿನ ಮನೆಗೆ ಬಂದವನು ಉಣ್ಣುವುದಕ್ಕೂ ಮೊದಲು ಹಾಡಿನ ಆ ಸಾಲನ್ನೇ ಮತ್ತೆ ಮತ್ತೆ ನುಡಿಸಿ ನೋಡುತ್ತಾನೆ.