ಫಿಲ್ಟರಿನಿಂದ ವಾಪಸು ಬಂದ ಹೂಳು

ಚಿತ್ರದುರ್ಗದ ಒಂದು ಖಾಸಗಿ ಶಾಲೆಯ ಈಜುಕೊಳವನ್ನು ಅಪ್ಪ ಹದಿನಾಲ್ಕು ವರ್ಷ ನೋಡಿಕೊಂಡ. ಹಿರಿಯೂರು ತಾಲೂಕಿನ ಬಬ್ಬೂರಿನ ಹತ್ತಿರದ ನಮ್ಮ ಊರಿನಿಂದ ದಿನಾ ಮೊದಲ ಬಸ್ಸಿಗೆ ಹೋಗುತ್ತಿದ್ದ. ಪಂಪು ಚಾಲೂ ಮಾಡಿ, ತಳ ಗುಡಿಸಿ, ಬೆಳಿಗ್ಗೆ ಅಲ್ಲಿನ ದೊಡ್ಡವರನ್ನು, ಸಂಜೆ ಶಾಲೆಯ ಮಕ್ಕಳನ್ನು ನೀರಿಗೆ ಬಿಡುತ್ತಿದ್ದ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದಡದಲ್ಲಿ ನಿಂತು ತಲೆ ಎಣಿಸುವುದೂ ಅವನ ಕೆಲಸವೇ. ಕುರಿ ಕಾಯ್ದು ಬೆಳೆದವನು ತಾನು, ತನ್ನ ಎಣಿಕೆ ತಪ್ಪುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಚಿಕ್ಕಂದಿನಿಂದ ಎಲ್ಲವನ್ನೂ ಬರೆದಿಡುವ ಚಾಳಿ ನನಗೆ. ನಲ್ಲಿಯಲ್ಲಿ ನೀರು ಬಂದ ದಿನ, ಬಸ್ಸು ತಡವಾದ ನಿಮಿಷ, ಕೋಳಿ ಇಟ್ಟ ಮೊಟ್ಟೆ ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಕಾಲಮ್ಮು. ಆ ಮಾರ್ಚ್ ತಿಂಗಳ ಒಂದು ವಾರದ ಪುಟಗಳಲ್ಲಿ ಮಾತ್ರ ಬೇರೇನೂ ಇಲ್ಲ, ಈಜುಕೊಳದ ಹೂಳಿನ ಲೆಕ್ಕವಷ್ಟೇ ಇದೆ.

ಫೆಬ್ರವರಿ ನಡುವಿನಲ್ಲಿ ಕೊಳದ ತಳದಲ್ಲಿ ಬೂದಿಯಂಥ ನುಣುಪಾದ ಹೂಳು ಕೂರಲು ಶುರುವಾಯಿತು. ಅಪ್ಪ ಬೆಳಿಗ್ಗೆ ಗುಡಿಸಿ ತೆಗೆದರೆ ಮಾರನೆಯ ಬೆಳಿಗ್ಗೆ ಅಲ್ಲೇ ಇರುತ್ತಿತ್ತು. ಯಾರಾದರೂ ಧುಮುಕಿದರೆ ಮೋಡದ ಹಾಗೆ ಏಳುತ್ತಿತ್ತು. ದಿನಾ ಬರುವ ಒಬ್ಬ ನಿವೃತ್ತ ಗುಮಾಸ್ತರು ಮೆಟ್ಟಿಲ ಮೇಲೆ ನಿಂತು, "ಏನಪ್ಪ, ಇದು ಈಜೋ ಕೊಳನಾ, ಎಮ್ಮೆ ಬಿಡೋ ಹೊಂಡನಾ?" ಎಂದರು.

"ನೀವು ಇಳೀರಿ ಸಾಮಿ, ಆಮೇಲೆ ಹೇಳ್ತೀನಿ," ಎಂದ ಅಪ್ಪ.

ಎಲ್ಲರೂ ನಕ್ಕರು. ಪಿ.ಟಿ. ಮೇಷ್ಟ್ರು ನಗಲಿಲ್ಲ. ಕೊಳದ ಜವಾಬ್ದಾರಿ ಅವರದು. ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ, ನಲವತ್ತು ಮಕ್ಕಳು ಬರುತ್ತಾರೆ, ಅಷ್ಟರಲ್ಲಿ ನೀರು ತಿಳಿಯಾಗದಿದ್ದರೆ ದಾವಣಗೆರೆಯ ಕಂಪನಿಗೆ ಕೊಳವನ್ನೇ ವಹಿಸಬೇಕಾಗುತ್ತದೆ ಎಂದು ಅಪ್ಪನಿಗೆ ಹೇಳಿದ್ದರು. ಹಾಗಾದರೆ ಅಪ್ಪನಿಗೆ ಅಲ್ಲಿ ಕೆಲಸವಿರುವುದಿಲ್ಲ.

ಮಾರ್ಚ್ ಕೊನೆಯ ಹೊತ್ತಿನ ಒಂದು ಭಾನುವಾರ ಊಟಕ್ಕೆ ಕುಳಿತಾಗ ಅಪ್ಪ ನನಗೆ ಹೇಳಿದ: "ನಾಳೆ ನೀನೂ ಬಾರವ್ವ, ನಿನ್ನ ಬುಕ್ಕು ತಗಂಡು. ಈ ಹೂಳು ಎಲ್ಲಿಂದ ಬರ್ತೈತೆ ನೋಡೇಬಿಡಾಣ."

ಗಾಳಿಯ ಧೂಳು ಎಂಬುದು ಅಪ್ಪನ ನಂಬಿಕೆ. ಸೋಮವಾರ ಸಂಜೆ ದಡದಲ್ಲಿ ಒಂದು ಸ್ಟೀಲ್ ತಟ್ಟೆಗೆ ನೀರು ಹಾಕಿಟ್ಟು ಬಂದೆವು. ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಚಿಟಿಕೆಯಷ್ಟು ಕೆಂಪು ಮಣ್ಣು. ಕೊಳದ ಹೂಳು ಬೂದು ಬಣ್ಣದ್ದು. ಗಾಳಿಯದ್ದಲ್ಲ ಎಂದು ಬರೆದೆ.

ಮಂಗಳವಾರ, ಫಿಲ್ಟರಿನಿಂದ ಶುದ್ಧವಾದ ನೀರು ಕೊಳಕ್ಕೆ ವಾಪಸು ಬೀಳುವ ಕೊಳವೆಯ ಬಾಯಿಗೆ ಅಪ್ಪನ ಹಳೆಯ ಬಿಳಿ ಪಂಚೆಯ ತುಂಡು ಕಟ್ಟಿದೆವು. ಎರಡು ಗಂಟೆ ಬಿಟ್ಟು ಬಿಚ್ಚಿದಾಗ ಬಟ್ಟೆಯಲ್ಲಿ ಎರಡು ಚಮಚ ಹೂಳು. ಬುಧವಾರ ವಾಲ್ವ್ ತಿರುಗಿಸಿ, ನೀರು ಫಿಲ್ಟರಿನ ಮರಳಿಗೆ ಹೋಗದೆ ನೇರವಾಗಿ ಕೊಳಕ್ಕೆ ಬರುವಂತೆ ಮಾಡಿದೆವು. ಅಷ್ಟೇ ಹೊತ್ತಿಗೆ ಕಾಲು ಚಮಚವೂ ಸಿಗಲಿಲ್ಲ. ಅಂದರೆ ನೀರನ್ನು ಶುದ್ಧ ಮಾಡಬೇಕಾದ, ಮರಳು ತುಂಬಿದ ಫಿಲ್ಟರ್ ಟ್ಯಾಂಕೇ ಅದನ್ನು ಕೆಡಿಸುತ್ತಿತ್ತು.

ಟ್ಯಾಂಕಿನ ತಳದಲ್ಲಿ ಗಾಡಿಚಕ್ರದ ಕಡ್ಡಿಗಳಂತೆ ಹರಡಿದ, ಸೋಸಿದ ನೀರು ಹಾದುಹೋಗುವ ಸಣ್ಣ ಕೊಳವೆಗಳಿರುತ್ತವೆ. ಅವುಗಳಲ್ಲಿ ಒಂದು ಒಡೆದರೂ ಮರಳು ನುಗ್ಗಿ ಬರುತ್ತದೆ. ಹಾಗಾಗಿದ್ದರೆ ಬಟ್ಟೆಯಲ್ಲಿ ಮರಳಿನ ಹರಳು ಸಿಗಬೇಕಿತ್ತು. ಅಪ್ಪ ಹೂಳನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದ.

"ಹರಳಿಲ್ಲ. ಪೌಡರ್ ಇದ್ದಂಗೈತೆ," ಎಂದ. "ಕೊಳವೆ ಒಡೆದಿಲ್ಲ, ಬರಕೋ."

ಉಳಿದದ್ದು ಮರಳು. ಅದನ್ನು ಬದಲಿಸಿ ಆರು ವಾರವಾಗಿತ್ತು. ಶಾಲೆಯವರು ಫಿಲ್ಟರಿಗೆಂದೇ ಬರುವ ಚೀಲದ ಮರಳು ತರಿಸುತ್ತೇವೆ ಎಂದಾಗ ಬೇಡವೆಂದವನು ಅಪ್ಪನೇ. ನಮ್ಮ ಮನೆ ಕಟ್ಟಿಸಿದಾಗ ಮಿಕ್ಕ ವೇದಾವತಿ ಹೊಳೆಯ ಮರಳು ಹಿತ್ತಲಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಆ ಮರಳಿನಲ್ಲಿ ಕಟ್ಟಿದ ಗೋಡೆ ಬಿರುಕು ಬಿಡುವುದಿಲ್ಲ, ಅದರ ಒರತೆಯ ನೀರಿಗೆ ಸಮನಾದ ನೀರಿಲ್ಲ ಎಂಬುದು ನಮ್ಮ ಕಡೆಯವರ ಅಭಿಮಾನ. ಅಪ್ಪ ಅದನ್ನು ಜರಡಿ ಹಿಡಿದು, ಏಳು ಸಲ ತೊಳೆದು, ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಟ್ಯಾಂಕಿಗೆ ತುಂಬಿದ್ದ. ಏಳನೆಯ ಸಲ ನೀರು ತೀರ್ಥದ ಹಾಗೆ ಬಂತು ಎಂದು ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ.

ಗುರುವಾರ ಟ್ಯಾಂಕಿನಿಂದ ಒಂದು ಹಿಡಿ ಮರಳು ತಂದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿದೆ. ಅಂಬಲಿಯಂತಾಯಿತು. ಬೆಳಗಾಗುವಷ್ಟರಲ್ಲಿ ಮರಳಿನ ಮೇಲೆ ಅರ್ಧ ಬೆರಳು ದಪ್ಪ ಹೂಳು ನಿಂತಿತ್ತು. ಏಳು ಸಲ ತೊಳೆದ ಮರಳು ಹೀಗಿರಲು ಸಾಧ್ಯವೇ ಎಂದು ನನಗೆ ಅರ್ಥವಾಗಲಿಲ್ಲ. ಅದೂ ಅಲ್ಲದೆ, ಮರಳಿನಲ್ಲಿ ಸಿಕ್ಕ ಕೊಳೆ ಹೊರಹೋಗಲೆಂದು ಅಪ್ಪ ದಿನ ಬಿಟ್ಟು ದಿನ ನೀರನ್ನು ಉಲ್ಟಾ ಹರಿಸಿ ಮೋರಿಗೆ ಬಿಡುತ್ತಿದ್ದ. ಬ್ಯಾಕ್‌ವಾಶ್ ಎನ್ನುತ್ತಾರೆ. ಆರು ವಾರದಲ್ಲಿ ಆ ಹೂಳೆಲ್ಲ ಹೋಗಬೇಕಿತ್ತು.

ಪುಟ ತಿರುಗಿಸಿದೆ. ಆ ವಾರ ಅಪ್ಪ ಎರಡು ಸಲ ಬ್ಯಾಕ್‌ವಾಶ್ ಮಾಡಿದ್ದ. ನಾನು ಹೊತ್ತು ಬರೆದಿದ್ದೆ: ನಲವತ್ತು ಸೆಕೆಂಡು, ಮೂವತ್ತೈದು ಸೆಕೆಂಡು. ಅಷ್ಟು ಹೂಳು ಹೋಗಲು ಒಂದು ನಿಮಿಷವೂ ಬಿಟ್ಟಿರಲಿಲ್ಲ.

ಶುಕ್ರವಾರ ನಾನೇ ಪಂಪಿನ ಸ್ವಿಚ್ಚಿನ ಹತ್ತಿರ ನಿಂತೆ. ಮೋರಿಗೆ ಹೋಗುವ ಕೊಳವೆಯಲ್ಲಿ ಒಂದು ಗಾಜಿನ ಕಿಂಡಿಯಿದೆ. ಅದರಲ್ಲಿ ಹರಿಯುವ ನೀರು ತಿಳಿಯಾಗುವವರೆಗೆ ಬಿಡಬೇಕು. ಅಪ್ಪ ಕಿಂಡಿಗೆ ಮುಖ ತಾಗಿಸಿ ಕುಳಿತ.

"ತಿಳಿಯಾತು. ನಿಲ್ಸವ್ವ," ಎಂದ.

ಬಗ್ಗಿ ನೋಡಿದೆ. ಹಾಲು ಹಾಕಿದ ಚಹಾದಂಥ ನೀರು ಹರಿಯುತ್ತಿತ್ತು. ನಾನು ಸ್ವಿಚ್ಚು ಮುಟ್ಟಲಿಲ್ಲ.

"ನಿಲ್ಸು ಅಂದ್ನಲ್ಲ. ನೀರು ಸುಮ್ನೆ ಮೋರಿಗೆ ಹೋಗ್ತೈತೆ."

"ಇನ್ನೂ ಬಗ್ಗಡ ಐತಪ್ಪ."

ಅವನು ಮತ್ತೆ ಕಿಂಡಿಗೆ ಮುಖ ಇಟ್ಟ. ಬೆರಳಿನಿಂದ ಗಾಜು ಒರೆಸಿದ. ಪಂಪು ಓಡುತ್ತಲೇ ಇತ್ತು. ನಾಲ್ಕು ನಿಮಿಷವಾದ ಮೇಲೆ ನೀರು ನಿಜಕ್ಕೂ ತಿಳಿಯಾಯಿತು. ನಾನು ಪಂಪು ನಿಲ್ಲಿಸಿದೆ.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದೆ.

"ದಸರಾದಿಂದ. ಎಡಗಣ್ಣು ಪೂರ್ತಿ ಹೋಗೈತೆ. ಬಲಗಣ್ಣಾಗೆ ಮುಂದಿಂದಷ್ಟೇ ಕಾಣ್ತೈತೆ, ಅದೂ ಮಂಜು ಮಂಜು. ನಿಮ್ಮವ್ವಂಗೆ ಹೇಳಬ್ಯಾಡ."

ಅವನು ಮರಳು ಏಳು ಸಲ ತೊಳೆದದ್ದು ಸುಳ್ಳಲ್ಲ. ಅವನ ಕಣ್ಣಿಗೆ ಏಳನೆಯ ಸಲದ ನೀರು ತೀರ್ಥದ ಹಾಗೇ ಕಂಡಿತ್ತು.

ಆಮೇಲೆ ನನಗೆ ಹೊಳೆದದ್ದು ಬೇರೆ. "ಸಾಯಂಕಾಲ ಮಕ್ಕಳ ತಲೆ ಹೆಂಗೆ ಎಣಿಸ್ತೀಯಪ್ಪ?"

"ದನಿ ಕೇಳಿ," ಎಂದ. "ಒಂದೊಂದು ಮಗೀದೂ ಒಂದೊಂದು ದನಿ."

"ಮುಳುಗೋ ಮಗ ದನಿ ಮಾಡಲ್ಲ."

"ಗೊತ್ತು ಕಣೇ," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಈ ಶಿಬಿರ ಒಂದು ಮುಗೀಲಿ. ಬುಕ್ಕಿನಾಗೆ ಬರೀಬ್ಯಾಡ. ಆಮೇಲೆ ನಾನೇ ಬಿಡ್ತೀನಿ," ಎಂದ.

ಅಪ್ಪ ನನ್ನನ್ನು ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ಶಿಬಿರ ಒಂದು ತಿಂಗಳು. ನಲವತ್ತು ಮಕ್ಕಳು. ಎಷ್ಟು ಸಲ ಗುಣಿಸಿದರೂ ಆ ಲೆಕ್ಕ ನನಗೆ ಸರಿಬರಲಿಲ್ಲ. ಶನಿವಾರ ಬೆಳಿಗ್ಗೆ ಅಪ್ಪ ಬಟ್ಟೆ ಬದಲಿಸುವ ಕೋಣೆ ತೊಳೆಯುತ್ತಿದ್ದಾಗ ಮೇಷ್ಟ್ರ ಬಳಿ ಹೋಗಿ ಮರಳಿನ ವಿಷಯವನ್ನೂ ಕಣ್ಣಿನ ವಿಷಯವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟು ಕುಳಿತರು.

"ಇಷ್ಟು ದಿನ ಏನೂ ಆಗಿಲ್ವಲ್ಲಮ್ಮ, ದೇವರು ದೊಡ್ಡವನು," ಎಂದರು. ಅಂದಿನಿಂದಲೇ ಮಕ್ಕಳನ್ನು ನೀರಿಗೆ ಬಿಡುವುದನ್ನು ನಿಲ್ಲಿಸಿದರು.

ವಿಷಯವನ್ನು ಮೇಷ್ಟ್ರೇ ಅಪ್ಪನಿಗೆ ತಿಳಿಸಿದರು. ಅವತ್ತು ಹಿರಿಯೂರಿನಲ್ಲಿ ಬಸ್ಸು ಇಳಿಯುವಾಗ ಅಪ್ಪ, "ನೀನು ಹೇಳ್ದೇ ಇದ್ರೆ ನಾನು ಹೇಳ್ತಿರಲಿಲ್ಲ," ಎಂದ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ. ಕಣ್ಣಿನ ಡಾಕ್ಟರು ನರ ಒಣಗಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ಹನಿ ಬಿಡಬೇಕು. ಮೊದಲೇ ಬರಬಾರದಿತ್ತೇ ಎಂದು ಅವರು ಕೇಳಿದ್ದಕ್ಕೆ ಅವ್ವ ಅತ್ತಳು.

ಶಾಲೆಯವರು ಚೀಲದ ಮರಳು ತರಿಸಿದರು. ದಾವಣಗೆರೆಯ ಕಂಪನಿ ಬರಲಿಲ್ಲ. ದಡದಲ್ಲಿ ನಿಲ್ಲಲು ಈಜು ಬಲ್ಲ ಇಬ್ಬರು ಹುಡುಗಿಯರನ್ನು ಗೊತ್ತುಮಾಡಿದರು. ಪಂಪು ಫಿಲ್ಟರು ನೋಡಿಕೊಳ್ಳಲು ಬರುತ್ತೀಯಾ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ಮೂರನೆಯ ದಿನ ಅಪ್ಪನೇ ಫೋನ್ ತೆಗೆದುಕೊಂಡು, "ಬರ್ತಾಳೆ ಸಾ," ಎಂದ.

ನಾನು ಒಬ್ಬಳೇ ಹೋಗುವ ಮೊದಲ ದಿನ ಅವನು ನನ್ನ ಜೊತೆ ಬಸ್ ಸ್ಟಾಪಿನವರೆಗೆ ಬಂದ. ಕ್ಲೋರಿನ್ ಹಾಕುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು, ಪಂಪು ನಿಲ್ಲಿಸದೆ ವಾಲ್ವ್ ತಿರುಗಿಸಬಾರದು, ಗುಮಾಸ್ತರು ಏನಂದರೂ ಎದುರಾಡಬಾರದು ಎಂದು ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದ. ಬಸ್ಸು ತುಂಬಿತ್ತು. ಮುಂದೆ ಜಾಗವಿಲ್ಲದೆ ಹಿಂದಿನ ಬಾಗಿಲಿನಲ್ಲಿ ಹತ್ತಿ ಕಿಟಕಿಯಿಂದ ಬಗ್ಗಿ ನೋಡಿದೆ. ಅಪ್ಪ ಮುಂದಿನ ಬಾಗಿಲಿನ ಕಡೆ ತಿರುಗಿ ಕೈ ಬೀಸುತ್ತಿದ್ದ.